ಎಡಗೆನ್ನೆಯ ಮಧ್ಯಾಹ್ನಗಳು

ನನ್ನ ನಾಲಿಗೆ ಉದ್ದ ಎನ್ನುವವರು ತವರಿನಲ್ಲೂ ಇದ್ದಾರೆ, ಗಂಡನ ಮನೆಯಲ್ಲೂ ಇದ್ದಾರೆ. ಇರಲಿ, ಅವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಆ ನಾಲಿಗೆ ಬರೀ ಎದುರು ಮಾತಾಡುವುದಕ್ಕಷ್ಟೇ ಇದ್ದದ್ದಲ್ಲ, ಅದಕ್ಕೊಂದು ದುಡಿಮೆಯೂ ಇತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಖಾನಾಪುರದಲ್ಲಿ ನನ್ನ ಅಣ್ಣನದೊಂದು ಚಿಕ್ಕ ಕುಂಬಾರಿಕೆ ಕಾರ್ಖಾನೆ ಇದೆ. ಅಪ್ಪನ ಕಾಲದ್ದು. ಉಪ್ಪಿನಕಾಯಿ ಭರಣಿ, ಚಹಾದ ಕಪ್ಪು, ಹೂವಿನ ಕುಂಡ ಮಾಡುತ್ತಾರೆ. ನಮ್ಮಲ್ಲಿ ಪಾತ್ರೆಯನ್ನು ಎರಡು ಸಲ ಸುಡುತ್ತಾರೆ. ಮೊದಲ ಸಲ ಸುಟ್ಟು ತೆಗೆದಾಗ ಅದು ಒಣಗಿ ಬಾಯಾರಿಕೊಂಡಿರುತ್ತದೆ. ಆಮೇಲೆ ಹೊಳಪು ಕೊಡುವ ಗ್ಲೇಜಿನ ನೀರಿನಲ್ಲಿ ಅದ್ದಿ ಮತ್ತೆ ಭಟ್ಟಿಗೆ ಇಡುತ್ತಾರೆ. ಆ ಎರಡರ ನಡುವೆ ನನ್ನ ಕೆಲಸ. ಭಟ್ಟಿಯ ಒಂದೊಂದು ಮೂಲೆಯಿಂದ ಒಂದೊಂದು ಕಪ್ಪು ತೆಗೆದು ಅದರ ಅಂಚಿಗೆ ನಾಲಿಗೆ ಮುಟ್ಟಿಸಿ ನೋಡುವುದು. ಸರಿಯಾಗಿ ಸುಟ್ಟ ಮಣ್ಣು ನಾಲಿಗೆಯನ್ನು ಮೆಲ್ಲಗೆ ಹಿಡಿದು ಬಿಡುತ್ತದೆ. ಸುಟ್ಟದ್ದು ಸಾಲದಿದ್ದರೆ ಹಿಡಿದದ್ದನ್ನು ಬಿಡುವುದೇ ಇಲ್ಲ, ಕಿತ್ತುಕೊಳ್ಳಬೇಕು. ಜಾಸ್ತಿ ಸುಟ್ಟಿದ್ದರೆ ಹಿಡಿಯುವುದೇ ಇಲ್ಲ, ಜಾರುತ್ತದೆ. ಅಂಥದ್ದಕ್ಕೆ ಗ್ಲೇಜು ಕೂಡುವುದಿಲ್ಲ.

ಇದನ್ನು ಕಲಿಸಿದವನು ಅಪ್ಪ. ಅಣ್ಣನ ಬಾಯಲ್ಲಿ ಎಳೆ ವಯಸ್ಸಿನಿಂದಲೇ ತಂಬಾಕು, ಅವನ ನಾಲಿಗೆ ಈ ಕೆಲಸಕ್ಕೆ ಬರುವಂತಿರಲಿಲ್ಲ. ಹಾಗಾಗಿ ನನ್ನ ಪಾಲಿಗೆ ಬಂತು. ಮದುವೆಯಾಗಿ ಬೆಳಗಾವಿಯ ಅನಗೋಳಕ್ಕೆ ಬಂದ ಮೇಲೂ ಭಟ್ಟಿ ತೆರೆಯುವ ದಿನ ನಾನು ಖಾನಾಪುರಕ್ಕೆ ಹೋಗುವುದು ತಪ್ಪಲಿಲ್ಲ. ವಕೀಲರ ಹಾಗೆ ನಾನೂ ನಾಲಿಗೆಯ ಮೇಲೆ ದುಡಿಯುವವಳು ಎಂದು ಅತ್ತೆಯ ಮುಂದೆ ಹೇಳಿ ಚೆನ್ನಾಗಿ ಬೈಸಿಕೊಂಡಿದ್ದೆ. ನನ್ನ ಗಂಡ ಮಾತ್ರ ಏನೂ ಅನ್ನಲಿಲ್ಲ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು, ಈಗ ನಿವೃತ್ತರು. ತರಗತಿಯ ಹೊರಗೆ ಅವರು ಮಾತಾಡಿದ್ದನ್ನು ಕೇಳಿದವರು ಕಡಿಮೆ.

ಖಾನಾಪುರಕ್ಕೆ ನಾನು ರೈಲಿನಲ್ಲೇ ಹೋಗುವುದು. ದೇಸೂರ, ಇದಲಹೊಂಡ, ಆಮೇಲೆ ಖಾನಾಪುರ. ಮಳೆಗಾಲದ ಬೆಳಗ್ಗೆ ಕಿಟಕಿಯ ಆಚೆ ಗದ್ದೆಯೂ ಕಾಣುವುದಿಲ್ಲ, ಗಿಡವೂ ಕಾಣುವುದಿಲ್ಲ, ಬರೀ ಬಿಳಿ. ಆ ಬಿಳಿಯೊಳಗೆ ತೂಗುತ್ತ ಹೋಗುವಾಗ ನನಗೆ ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಒಂದು ಸುಖ ಹತ್ತುತ್ತಿತ್ತು. ಒಂದೆರಡು ಸಲ ಖಾನಾಪುರ ಬಂದದ್ದೇ ತಿಳಿಯದೆ ಮುಂದಿನ ಗುಂಜಿಯಲ್ಲಿ ಇಳಿದು, ಕಾಡಿನ ಅಂಚಿನ ಆ ಸಣ್ಣ ಸ್ಟೇಷನ್ನಿನ ಬೆಂಚಿನ ಮೇಲೆ ವಾಪಸು ಗಾಡಿಗೆ ಕಾದು ಕೂತದ್ದೂ ಉಂಟು. ಅಣ್ಣ ನಗುತ್ತಿದ್ದ. ನನಗೇನೂ ಬೇಸರವಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ರೈಲು ಇಳಿದ ಮೇಲೂ ಅದರ ಸದ್ದು ನನ್ನ ಎಡಗಿವಿಯಲ್ಲಿ ಉಳಿಯತೊಡಗಿತು. ದೂರದಲ್ಲೆಲ್ಲೋ ಗಾಡಿ ಹೋಗುತ್ತಲೇ ಇರುವ ಸದ್ದು. ಅನಗೋಳದ ಮನೆಯಲ್ಲಿ ಅಕ್ಕಿ ಆರಿಸುವಾಗ, ದೇವರ ಮುಂದೆ ದೀಪ ಹಚ್ಚುವಾಗ, ಸುಮ್ಮನೆ ಬಾಗಿಲಲ್ಲಿ ನಿಂತಾಗ ಅದು ಬರುತ್ತಿತ್ತು, ಯಾವ ಸ್ಟೇಷನ್ನಿನಲ್ಲೂ ನಿಲ್ಲುತ್ತಿರಲಿಲ್ಲ. ಮೊದಮೊದಲು ಮನೆಯ ಹತ್ತಿರದ ರೈಲ್ವೆ ಗೇಟಿನದೇ ಇರಬೇಕೆಂದುಕೊಂಡೆ. ಆಮೇಲೆ ಅದು ನನ್ನದೇ ಎಂದು ತಿಳಿಯಿತು. ಯಾರಿಗೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅದು ನನಗೆ ಹಿತವೇ ಆಗಿತ್ತು. ಫೋನನ್ನು ಬಲಗಿವಿಗೆ ಹಿಡಿಯುವುದೂ ಯಾವಾಗಿನಿಂದಲೋ ರೂಢಿಯಾಗಿತ್ತು. ಎಡಗಿವಿಯಲ್ಲಿ ಗಾಡಿ ಓಡುತ್ತಿರುವಾಗ ಫೋನಿನವರ ಮಾತು ಯಾರಿಗೆ ಬೇಕು?

ನಡೆಯುವಾಗ ನೆಲ ಸ್ವಲ್ಪ ಮೆತ್ತಗಾದಂತೆ ಅನಿಸುತ್ತಿತ್ತು. ಓಣಿಯಲ್ಲಿ ಹೋಗುವಾಗ ಕೈ ತಾನಾಗಿ ಗೋಡೆಯತ್ತ ಚಾಚಿಕೊಳ್ಳುತ್ತಿತ್ತು. ವಯಸ್ಸಾಯಿತು ಎಂದು ಬಿಟ್ಟೆ.

ಮುಖದ ಜೋಮು ಬಂದದ್ದು ಇವೆಲ್ಲ ಆದ ಮೇಲೆ, ಬಹಳ ನಿಧಾನವಾಗಿ. ಮೊದಲು ತುಟಿಯ ಎಡ ಮೂಲೆ, ಆಮೇಲೆ ಗಲ್ಲ, ಆಮೇಲೆ ಕೆನ್ನೆ. ಹಲ್ಲು ಕೀಳುವಾಗ ಸೂಜಿ ಚುಚ್ಚಿದ ಮೇಲೆ ಆಗುತ್ತದಲ್ಲ, ಹಾಗೆ. ಮುಖ ತೊಳೆಯುವಾಗ ಬಲಗಡೆಗೆ ನೀರು ತಣ್ಣಗೆ, ಎಡಗಡೆಗೆ ಯಾರೋ ಬಟ್ಟೆಯ ಮೇಲಿಂದ ಮುಟ್ಟಿದ ಹಾಗೆ. ಅರ್ಧ ಮುಖ ಎದ್ದಿತ್ತು, ಅರ್ಧ ಮಲಗಿತ್ತು. ಊಟ ಮಾಡುವಾಗ ಗಲ್ಲದ ಮೇಲೆ ಅನ್ನದ ಅಗುಳು ಉಳಿದರೂ ತಿಳಿಯುತ್ತಿರಲಿಲ್ಲ. ಎದುರಿಗೆ ಕೂತ ನನ್ನ ಗಂಡ ತಮ್ಮ ಗಲ್ಲವನ್ನು ಒರೆಸಿಕೊಂಡು ತೋರಿಸುತ್ತಿದ್ದರು. ಕೈ ಚಾಚಿ ನನ್ನ ಗಲ್ಲವನ್ನೇ ಒರೆಸಬಹುದಿತ್ತು, ಆದರೆ ಅದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ. ಮೈದುನನ ಸಂಸಾರ ಮೇಲಿನ ಅಂತಸ್ತಿನಲ್ಲಿದೆ, ಮೆಟ್ಟಿಲು ಇರುವುದು ನಮ್ಮ ಪಡಸಾಲೆಯಲ್ಲೇ. ಮದುವೆಯಾದ ದಿನದಿಂದ ಆ ಮೆಟ್ಟಿಲಿನ ಮೇಲೆ ಯಾರೋ ಒಬ್ಬರು ಹತ್ತುತ್ತಲೋ ಇಳಿಯುತ್ತಲೋ ಇದ್ದಾರೆ. ಹಗಲು ಹೊತ್ತಿನಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ನೆನಪಿಲ್ಲ.

ಹೋದ ಮಳೆಗಾಲದಲ್ಲಿ ಒಂದು ದಿನ ಅಣ್ಣನ ಭಟ್ಟಿ ತೆರೆದರು. ನಾನು ಮೊದಲ ಕಪ್ಪು ತೆಗೆದು ನಾಲಿಗೆಗೆ ಹಚ್ಚಿದೆ. ಎಡಗೈಯಲ್ಲಿ ಹಿಡಿದು ನಾಲಿಗೆಯ ಎಡ ಅಂಚಿಗೆ ಮುಟ್ಟಿಸುವುದು ನನ್ನ ರೂಢಿ. ಹಿಡಿಯಲಿಲ್ಲ. ಇನ್ನೊಂದು ಮೂಲೆಯದು ತೆಗೆದೆ. ಅದೂ ಹಿಡಿಯಲಿಲ್ಲ. ಎಲ್ಲ ಮೂಲೆಯವೂ ಜಾರಿದವು.

"ಹತ್ತವಲ್ದು ಅಣ್ಣಾ. ಎಲ್ಲಾ ಜಾಸ್ತಿ ಸುಟ್ಟಾವು," ಎಂದೆ.

"ಖರೇನಾ? ಬೆಂಕಿ ಬರೋಬರಿ ಇತ್ತಲ್ಲ."

"ನನ್ನ ನಾಲಿಗಿ ಸುಳ್ಳ ಹೇಳತೈತೇನು?"

ಅಣ್ಣ ಅಷ್ಟೂ ಕಪ್ಪುಗಳನ್ನು ಒಡೆದು ಕಾರ್ಖಾನೆಯ ಹಿಂದೆ ಹಾಕಿಸಿದ. ಮುಂದಿನ ಭಟ್ಟಿಯದೂ ಜಾರಿತು. ಅದನ್ನೂ ಒಡೆಸಿದ. ಬೆಂಕಿ ನೋಡುವವನನ್ನು ನಾನೇ ನಿಲ್ಲಿಸಿಕೊಂಡು ಬೈದೆ. ಅವನು ಬೆಂಕಿಯಲ್ಲಿ ಏನೂ ತಪ್ಪಿಲ್ಲವೆಂದ. ಹಾಗಾದರೆ ಮಣ್ಣೇ ಕೆಟ್ಟಿದೆ ಎಂದು ಮಣ್ಣು ತರುವವರಿಗೆ ಬೈದೆ. ನನ್ನ ನಾಲಿಗೆ ಬೈಯುವುದರಲ್ಲಿ ಮಾತ್ರ ಚುರುಕಾಗಿಯೇ ಇತ್ತು.

ಮೂರನೆಯ ಭಟ್ಟಿಯ ದಿನ ನಾನು, ಅಣ್ಣ ಮಧ್ಯಾಹ್ನ ಚುರುಮುರಿ ತಿನ್ನುತ್ತ ಕೂತಿದ್ದೆವು. ಅಣ್ಣ ತಿನ್ನುವುದನ್ನು ಬಿಟ್ಟು ನನ್ನನ್ನೇ ನೋಡಿದ.

"ತಂಗೆವ್ವಾ, ಬಾಯಾಗ ಏನದು? ರಕ್ತ ಬರಾಕತ್ತೈತಿ."

"ಎಲ್ಲಿ?"

"ಎಲ್ಲಿ ಅಂದ್ರ? ನಾಲಿಗಿ ಕಚ್ಚಿಕೊಂಡಿ. ನೋವಾಗವಲ್ದೇನು?"

ಕೈಯಿಂದ ಮುಟ್ಟಿ ನೋಡಿದೆ. ಬೆರಳು ಕೆಂಪಾಯಿತು. ನೋವಿರಲಿಲ್ಲ. ಬೇರೆ ಯಾರದೋ ಬಾಯಿಯ ರಕ್ತ ನನ್ನ ಬೆರಳಿಗೆ ಹತ್ತಿದ ಹಾಗಿತ್ತು.

ಅಣ್ಣ ಎದ್ದು ಹೋಗಿ ಬಕೆಟ್ಟಿನಲ್ಲಿ ನೀರು ತಂದ. ನಾನು ಆಗಷ್ಟೇ ಬೇಡವೆಂದು ಬದಿಗಿಟ್ಟಿದ್ದ ಕಪ್ಪನ್ನು ಅದರಲ್ಲಿ ಅದ್ದಿ ತೆಗೆದ. ನೀರು ಸುಯ್ಯೆಂದು ಒಳಗೆ ಹೋಯಿತು. ಒಳ್ಳೆಯ ಕಪ್ಪು. ಅವನು ಇನ್ನೊಂದು ಒಣ ಕಪ್ಪನ್ನು ನನ್ನ ಕೈಗೆ ಕೊಟ್ಟು, "ಈಗ ಬಲಗಡಿ ಹಚ್ಚಿ ನೋಡು," ಎಂದ. ಹಚ್ಚಿದೆ. ಮಣ್ಣು ನಾಲಿಗೆಯನ್ನು ಮೆಲ್ಲಗೆ ಹಿಡಿಯಿತು, ಬಿಟ್ಟಿತು. ಎಡಗಡೆ ಹಚ್ಚಿದೆ. ಏನೂ ಇಲ್ಲ.

ಹಿಂದುಗಡೆ ಒಡೆದು ಬಿದ್ದಿದ್ದ ರಾಶಿ ಇಬ್ಬರ ಕಣ್ಣ ಮುಂದೆಯೂ ಬಂದಿರಬೇಕು. ಅವನ ಜಾಗದಲ್ಲಿ ನಾನಿದ್ದಿದ್ದರೆ ಕಾರ್ಖಾನೆಯ ಹಂಚು ಹಾರುವ ಹಾಗೆ ಕೂಗಾಡುತ್ತಿದ್ದೆ. ಅಣ್ಣ ತಂಬಾಕಿನ ಚೀಟಿ ತೆಗೆದವನು ಅದನ್ನು ಮತ್ತೆ ಕಿಸೆಗೆ ಹಾಕಿಕೊಂಡ.

"ಕಪ್ಪ ಹೋದ್ರ ಹೋಗ್ಲಿ. ಮಣ್ಣ ಐತಿ, ಮತ್ತ ಮಾಡೂಣು. ನಿನ್ನ ನಾಲಿಗಿ ಎಲ್ಲಿಂದ ತರೂಣು? ಮೊದಲ ಡಾಕ್ಟರ್ ಹಂತ್ಯಾಕ ಹೋಗು."

ಹಲ್ಲಿನ ಡಾಕ್ಟರು ಹಲ್ಲು ಸರಿ ಇದೆ, ಕಿವಿಯವರಿಗೆ ತೋರಿಸಿ ಎಂದರು. ನಾಲಿಗೆಯ ಜೋಮಿಗೆ ಕಿವಿಯ ಡಾಕ್ಟರು ಯಾಕೆ ಎಂದು ನಾನು ದಾರಿಯುದ್ದಕ್ಕೂ ಗೊಣಗಿದೆ. ಕಿವಿಯ ಡಾಕ್ಟರಮ್ಮ ನನಗಿಂತ ಬಹಳ ಚಿಕ್ಕವರು. ಹತ್ತಿಯ ಎಳೆಯೊಂದನ್ನು ತೆಗೆದು ನನ್ನ ಬಲಗಣ್ಣಿನ ಅಂಚಿಗೆ ಮುಟ್ಟಿಸಿದರು. ಕಣ್ಣು ಪಟ್ಟನೆ ಮುಚ್ಚಿಕೊಂಡಿತು. ಎಡಗಣ್ಣಿಗೆ ಮುಟ್ಟಿಸಿದರು. ಅದು ಸುಮ್ಮನೆ ತೆರೆದುಕೊಂಡೇ ಇತ್ತು. ಹತ್ತಿಯ ಬಿಳಿ ಎಳೆ ಕಣ್ಣಿಗೆ ಅಷ್ಟು ಹತ್ತಿರ ಬಂದದ್ದನ್ನು ನಾನು ಮೋಡ ನೋಡುವ ಹಾಗೆ ನೋಡಿದೆ. ಆಮೇಲೆ ಅವರು ನನ್ನ ಬಲಗಿವಿಯನ್ನು ಒತ್ತಿ ಮುಚ್ಚಿ ಎಡಗಡೆಗೆ ಬಗ್ಗಿದರು. ನಾನು ಅವರು ಮಾತಾಡಲಿ ಎಂದು ಕಾಯುತ್ತಿದ್ದೆ. ಎದುರಿಗಿದ್ದ ನನ್ನ ಗಂಡನ ಮುಖ ನೋಡಿದಾಗ, ಡಾಕ್ಟರಮ್ಮ ಆಗಲೇ ಏನೋ ಹೇಳಿ ಮುಗಿಸಿದ್ದಾರೆ ಎಂದು ಗೊತ್ತಾಯಿತು.

ದೊಡ್ಡ ಆಸ್ಪತ್ರೆಯಲ್ಲಿ ಕೊಳವೆಯೊಳಗೆ ಮಲಗಿಸಿ ತಲೆಯ ಚಿತ್ರ ತೆಗೆದರು. ಒಳಗೆ ಎಂಥ ಗದ್ದಲ, ಆದರೆ ನನಗೆ ಅಲ್ಲೂ ಮಂಪರು ಬಂತು. ನನ್ನ ಎಡಗಿವಿಯ ಗಾಡಿ ಕೊನೆಗೂ ಯಾವುದೋ ಸುರಂಗದೊಳಗೆ ಹೊಕ್ಕಿತು ಎಂದುಕೊಂಡು ಮಲಗಿದ್ದೆ.

ಮೆದುಳಿನ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಿವಿಯ ಹಿಂದೆ, ಒಳಗೆ, ಬಿಳಿಯ ಒಂದು ಉಂಡೆ.

"ಅಕೌಸ್ಟಿಕ್ ನ್ಯೂರೋಮಾ ಅಂತಾರ್ರಿ ಇದಕ್ಕ. ಕಿವಿ ನರದ ಗಡ್ಡಿ. ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ಭಾಳ ಸಾವಕಾಶ ಬೆಳಿಯೂದು," ಎಂದರು.

"ಕಿವ್ಯಾಗಿನ ಗಡ್ಡಿಗೆ ನಾಲಿಗಿ ಯಾಕ್ರಿ ಜೋಮು ಹಿಡೀತು?"

"ಒಂದ ಓಣಿ ಅದ ಅನ್ಕೋರಿ. ಒಂದ ಮನಿ ಕಿವಿ ನರದ್ದು. ಅದಕ್ಕ ಗ್ವಾಡಿ ಹಚ್ಚಿ ಮುಖಾ ಆಡಿಸೋ ನರ. ಸ್ವಲ್ಪ ಮ್ಯಾಲ, ಮುಖಕ್ಕ ನಾಲಿಗಿಗೆ ಸ್ಪರ್ಶ ತಿಳಿಸೋ ನರ. ಗಡ್ಡಿ ಕಿವಿ ಮನ್ಯಾಗ ಹುಟ್ಟಿ, ದೊಡ್ಡದಾಗಿ, ಈಗ ಮ್ಯಾಲಿನ ಮನಿ ಒತ್ತಾಕತ್ತದ. ಇಷ್ಟು ದೊಡ್ಡದು ಆದಾಗನ ಜೋಮು ಬರೂದು. ಇನ್ನ ಬಿಡಾಕ ಬರೂದಿಲ್ಲ, ತಗೀಬೇಕು."

"ನಡುವಿನ ಮನಿ? ಮುಖಾ ಆಡಿಸೋದು?"

ಡಾಕ್ಟರು ಚಿತ್ರವನ್ನು ಕೆಳಗಿಟ್ಟರು. ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿದೆ, ಆದರೆ ಗಡ್ಡೆ ಅದಕ್ಕೇ ಅಂಟಿಕೊಂಡಿದೆ ಎಂದರು. ಪೂರ್ತಿ ತೆಗೆದರೆ ಆ ನರ ಹೋಗಬಹುದು. ಆಗ ಮುಖದ ಎಡಭಾಗ ಜೋತುಬೀಳುತ್ತದೆ, ಬಾಯಿ ಒಂದು ಕಡೆಗೆ ಎಳೆದುಕೊಳ್ಳುತ್ತದೆ, ಕಣ್ಣು ಮುಚ್ಚುವುದಿಲ್ಲ. ನರಕ್ಕೆ ಅಂಟಿದ ಸ್ವಲ್ಪವನ್ನು ಬಿಟ್ಟು ತೆಗೆದರೆ ಮುಖ ಉಳಿಯುವ ಆಸೆ ಹೆಚ್ಚು, ಆದರೆ ಉಳಿದದ್ದು ಮತ್ತೆ ಬೆಳೆಯಬಹುದು, ವರ್ಷ ವರ್ಷ ನೋಡುತ್ತಿರಬೇಕು. ಕಿವಿಯಂತೂ ಹೋದ ಹಾಗೆಯೇ. ಯಾವುದು ಬೇಕು, ಮನೆಯಲ್ಲಿ ಮಾತಾಡಿಕೊಂಡು ಬನ್ನಿ ಎಂದರು.

ಆಸ್ಪತ್ರೆಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನಲ್ಲಿ ನಿಂತೆವು. ಅನಗೋಳದ ಬಸ್ಸು ಬಂತು. ನನ್ನ ಗಂಡ ಹತ್ತಲಿಲ್ಲ. ಅದರ ಹಿಂದೆ ಜಾಂಬೋಟಿಯ ಬಸ್ಸು ಬಂತು. "ಬಾ," ಎಂದು ಅದನ್ನು ಹತ್ತಿದರು. ಕೆಲಸವಿಲ್ಲದೆ ಮನೆಯ ಹೊಸ್ತಿಲು ದಾಟದ ಮನುಷ್ಯ. ಜಾಂಬೋಟಿಯಲ್ಲಿ ನಮಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ನಾನು ಯಾಕೆಂದು ಕೇಳಲಿಲ್ಲ, ಕೇಳದೆ ಇದ್ದದ್ದು ನನ್ನ ಜನ್ಮದಲ್ಲೇ ಅದೊಂದೇ ಸಲವಿರಬೇಕು.

ಊರು ಮುಗಿದ ಮೇಲೆ ಮಳೆ ಹಿಡಿಯಿತು. ಗದ್ದೆಗಳಲ್ಲಿ ನೀರು ತುಂಬಿತ್ತು, ಅದರೊಳಗೆ ಆಕಾಶವೂ ಇತ್ತು. ನಾಟಿ ಮಾಡುವ ಹೆಂಗಸರು ಮೋಡದ ಮೇಲೆ ಬಗ್ಗಿ ಏನನ್ನೋ ನೆಡುತ್ತಿರುವಂತೆ ಕಾಣುತ್ತಿದ್ದರು. ಆಮೇಲೆ ಕಾಡು ಬಂತು, ಬಸ್ಸಿನೊಳಗೆ ಕತ್ತಲೆಯಾಯಿತು. ಅವರು ನನ್ನ ಎಡಕ್ಕೆ ಕೂತಿದ್ದರು. ಒಂದು ತಿರುವಿನಲ್ಲಿ ಅವರ ತುಟಿ ಆಡಿದ್ದು ಕಿಟಕಿಯ ಗಾಜಿನಲ್ಲಿ ಕಂಡಿತು. ಏನೋ ಹೇಳಿದರು. ನನ್ನ ಕಡೆಗೆ ತಿರುಗದೆ, ಮುಂದಿನ ಸೀಟಿನ ಸರಳನ್ನು ನೋಡುತ್ತ ಹೇಳಿದರು. ನನ್ನ ಎಡಗಿವಿಯಲ್ಲಿ ರೈಲು ಓಡುತ್ತಿತ್ತು, ಒಂದಕ್ಷರವೂ ಕೇಳಿಸಲಿಲ್ಲ. ಏನೆಂದಿರಿ ಎಂದು ಕೇಳಿದ್ದರೆ ಅವರು ಏನಿಲ್ಲ ಎನ್ನುತ್ತಿದ್ದರು. ಹಾಗಾಗಿ ತಲೆಯಾಡಿಸಿದೆ. ಜಾಂಬೋಟಿಯಲ್ಲಿ ಇಳಿದು ಒಂದೊಂದು ಚಹಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆವು.

ಅವತ್ತು ಆ ಕಾಡಿನ ದಾರಿಯಲ್ಲಿ ನನಗೆ ನನ್ನ ಭಯ ಏನೆಂದು ಸ್ಪಷ್ಟವಾಯಿತು. ಸಾಯುವ ಭಯವಲ್ಲ. ನಾನು ಚೆಲುವೆಯೇನಲ್ಲ, ಕನ್ನಡಿಯ ಮುಂದೆ ಹೊತ್ತು ಕಳೆದವಳೂ ಅಲ್ಲ. ಆದರೆ ಮಾತಾಡದ ಗಂಡನ ಜೊತೆ ಬಾಳುವೆ ಮಾಡಿದವಳಿಗೆ ಮುಖವೇ ಮಾತು. ನನಗೆ ಸಿಟ್ಟು ಬಂದದ್ದು, ಸಿಟ್ಟು ಇಳಿದದ್ದು, ಪಲ್ಯ ಹೊತ್ತಿದ್ದು, ತವರಿನಿಂದ ಫೋನು ಬಂದದ್ದು, ಎಲ್ಲವನ್ನೂ ಅವರು ಬಾಗಿಲೊಳಗೆ ಕಾಲಿಡುತ್ತಲೇ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಅವರು ನನ್ನ ಮೇಲೆ ಇಡುತ್ತಿದ್ದ ಪ್ರೀತಿ ಎಂದರೆ ಆ ಒಂದು ನೋಟವೇ. ಮುಖ ಸೊಟ್ಟಗಾದರೆ ಅವರು ಎಲ್ಲಿ ನೋಡುತ್ತಾರೆ? ನೋಡಲಾರದೆ ಪೇಪರಿನ ಹಿಂದೆ ಕೂತುಬಿಟ್ಟರೆ? ನನಗೆ ನನ್ನ ಮುಖ ಬೇಕಿತ್ತು. ಅವರು ನೋಡುವ ಮುಖ ಬೇಕಿತ್ತು.

ಮನೆಯಲ್ಲಿ ಈ ವಿಷಯಕ್ಕೆ ಜಗಳವಾಯಿತು. ಜಗಳ ಎಂದರೆ ನಾನೊಬ್ಬಳೇ ಆಡಿದ್ದು.

"ಪೂರ್ತಿ ತಗಸೂಣು. ಒಮ್ಮೆ ಮುಗದ ಹೋಗ್ಲಿ," ಎಂದರು ಅವರು.

"ನಿಮಗೇನ್ರಿ, ಮುಖಾ ನಂದು!"

"ಜೀವ ದೊಡ್ಡದು."

"ಮುಖ ಇಲ್ಲದ ಜೀವ ತಗೊಂಡು ಏನ್ ಮಾಡ್ಲಿ? ಉಪ್ಪಿನಕಾಯಿ ಹಾಕಿ ಇಡ್ಲೇನು?"

ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಮರುದಿನ ಡಾಕ್ಟರ ಮುಂದೆ ಮಾತ್ರ, ನಾನು ಬಾಯಿ ತೆರೆಯುವುದಕ್ಕೂ ಮೊದಲೇ, "ಆಕಿ ಹೇಳಿದ್ಹಂಗ ಮಾಡ್ರಿ. ಸ್ವಲ್ಪ ಬಿಟ್ಟ ತಗೀರಿ," ಎಂದರು.

ಗಣಪತಿ ಕಳಿಸಿದ ಮೇಲೆ ಆಪರೇಷನ್ ಆಯಿತು. ಅದರ ಬಗ್ಗೆ ಹೇಳುವುದಕ್ಕೆ ನನ್ನ ಬಳಿ ಏನೂ ಇಲ್ಲ. ಹೋದೆ, ಬಂದೆ. ನಡುವಿನದು ಬಿಳಿ. ಎಚ್ಚರವಾದಾಗ ಡಾಕ್ಟರು ಬಗ್ಗಿ ನಿಂತಿದ್ದರು, ಅವರ ಹಿಂದೆ ನನ್ನ ಗಂಡ.

"ನಗ್ರಿ ನೋಡೂಣು," ಎಂದರು ಡಾಕ್ಟರು.

ನಕ್ಕೆ. ಮಕ್ಕಳು ನಗುವ ಹಾಗೆ ಪೂರಾ ನಕ್ಕೆ. ನನ್ನ ಗಂಡ ನೆಲ ನೋಡಿದರು. ನನಗೆ ತಿಳಿಯಿತು.

ಮುಖ ಆಡಿಸುವ ನರ ಹರಿದಿಲ್ಲ, ಪೆಟ್ಟಾಗಿದೆ, ಅಷ್ಟೇ ಎಂದು ಡಾಕ್ಟರು ಆಮೇಲೆ ಹೇಳಿದರು. ಮೆಲ್ಲಗೆ ಎಚ್ಚರವಾಗುತ್ತದೆ, ತಿಂಗಳುಗಳು ಬೇಕು, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಈಗಿನ ಚಿಂತೆ ಕಣ್ಣಿನದು. ಎಡಗಣ್ಣು ಮುಚ್ಚುವುದಿಲ್ಲ, ಅದಕ್ಕೆ ಸ್ಪರ್ಶವೂ ಇಲ್ಲ. ಧೂಳು ಬಿದ್ದರೂ, ಒಣಗಿ ಹುಣ್ಣಾದರೂ ನನಗೆ ಗೊತ್ತಾಗುವುದಿಲ್ಲ, ದೃಷ್ಟಿಯೇ ಹೋಗಬಹುದು. ಮಲಗುವಾಗಲೆಲ್ಲ ಮುಲಾಮು ಹಾಕಿ ರೆಪ್ಪೆಗೆ ಟೇಪು ಅಂಟಿಸಬೇಕು. ದೀಪಾವಳಿಯ ಹೊತ್ತಿಗೂ ಕಣ್ಣಿಗೆ ಸ್ಪರ್ಶ ಮರಳದಿದ್ದರೆ ರೆಪ್ಪೆಗಳನ್ನು ಅರ್ಧ ಹೊಲಿದು ಸ್ವಲ್ಪ ಕಾಲ ಮುಚ್ಚಿಡಬೇಕಾಗುತ್ತದೆ.

ಮನೆಗೆ ಬಂದ ಮೇಲೆ ಕನ್ನಡಿ ನೋಡಿದೆ. ಬಲಗಡೆ ನಾನಿದ್ದೆ. ಎಡಗಡೆ ನನ್ನ ಗುರುತಿಲ್ಲದ ಯಾರೋ ಒಬ್ಬಳು ಇದ್ದಳು. ಕಣ್ಣು ಬಿಟ್ಟುಕೊಂಡು, ಬಾಯಿ ಜೋತುಹಾಕಿಕೊಂಡು, ಬೇಸರದಿಂದ ನೋಡುತ್ತಿದ್ದಳು. ಕನ್ನಡಿಗೆ ಟವೆಲ್ಲು ಹೊದಿಸಿದೆ. ಬಹಳ ಅತ್ತೆ. ಅಳುವಾಗಲೂ ಅರ್ಧ ಮುಖ ಮಾತ್ರ ಅಳುತ್ತದೆ ಎಂದು ನೆನೆದು ಇನ್ನೂ ಸಿಟ್ಟು ಬಂತು. ಅಣ್ಣ ಖಾನಾಪುರದಿಂದ ನೋಡಲು ಬಂದ. ಅವನ ತಮಾಷೆಗೆ ನಾನು ನಕ್ಕದ್ದು ಅವನಿಗೆ ತಿಳಿಯಲಿಲ್ಲ, ಇನ್ನೂ ನೋವಿದೆಯೇನೋ ಎಂದು ಬೇಗ ಎದ್ದು ಹೋದ.

ನನ್ನ ಗಂಡ ಪೇಪರಿನ ಹಿಂದೆ ಕೂರಲಿಲ್ಲ. ಆದರೆ ಮುಖವನ್ನು ನೋಡಲೂ ಇಲ್ಲ. ಕಣ್ಣನ್ನು ನೋಡಿದರು. ಪ್ರಯೋಗಾಲಯದ ಮೇಜಿನ ಮುಂದೆ ನಿಂತ ಹಾಗೆ ಕೈ ತೊಳೆದುಕೊಂಡು ಬಂದು, ಮುಲಾಮು ಹಾಕಿ, ರೆಪ್ಪೆಯನ್ನು ಕೆಳಗಿಳಿಸಿ, ಟೇಪನ್ನು ಓರೆಯಾಗದಂತೆ ಅಂಟಿಸುತ್ತಿದ್ದರು. ಮುಗಿಸಿ ಹೊರಗೆ ಹೋಗುತ್ತಿದ್ದರು. ನಾನು ಹೆದರಿದ್ದು ಇದಕ್ಕೇ, ಇದೇ ಆಯಿತು ಎಂದುಕೊಂಡೆ.

ಎಡಗಡೆ ಹೊಲಿಗೆ ಇದ್ದದ್ದರಿಂದ ನಾನು ಬಲಕ್ಕೆ ಹೊರಳಿ ಮಲಗುತ್ತಿದ್ದೆ. ಕೇಳುವ ಕಿವಿ ದಿಂಬಿನೊಳಗೆ, ಕೇಳದ ಕಿವಿ ಮೇಲೆ. ಬಲಗಣ್ಣು ಮುಚ್ಚಿದರೆ ಲೋಕವೇ ಇಲ್ಲ. ಮೈದುನನ ಮನೆಯವರು ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ಮಧ್ಯಾಹ್ನಗಳು ನೀರಿನೊಳಗೆ ಮುಳುಗಿದ ಹಾಗೆ ಇರುತ್ತಿದ್ದವು. ಕಿವಿಯ ರೈಲು ಮಾತ್ರ ಇತ್ತು, ಅದೂ ಬಹಳ ದೂರದಲ್ಲಿ. ಎಷ್ಟು ಹೊತ್ತು ನಿದ್ದೆ, ಎಷ್ಟು ಹೊತ್ತು ಎಚ್ಚರ, ನನಗೇ ತಿಳಿಯುತ್ತಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಎಡಗೆನ್ನೆಯ ಮೇಲೆ ಇರುವೆ ಹರಿದಾಡಿದ ಹಾಗಾಯಿತು. ಕನಸೆಂದುಕೊಂಡೆ. ಮರುದಿನವೂ ಆಯಿತು. ಇರುವೆಗಳು ಹೋಗಿ ಬಿಸಿ ಬಂತು. ಸ್ವಲ್ಪ ದಿನ ಕಳೆದ ಮೇಲೆ ಆ ಬಿಸಿಗೆ ಒಂದು ಆಕಾರ ಬಂತು. ಅಂಗೈ. ಬೆರಳುಗಳು. ಜನ್ಮವೆಲ್ಲ ಸೀಮೆಸುಣ್ಣ ಹಿಡಿದು ಒರಟಾದ ಬೆರಳುಗಳು. ಅವು ಹುಬ್ಬಿನಿಂದ ಗಲ್ಲದವರೆಗೆ ಇಳಿಯುತ್ತಿದ್ದವು, ಮತ್ತೆ ಮೇಲೆ ಹೋಗುತ್ತಿದ್ದವು. ಜೋತುಬಿದ್ದ ತುಟಿಯ ಮೂಲೆಯನ್ನು ಒಂದಿಷ್ಟು ಎತ್ತಿ ಹಿಡಿಯುತ್ತಿದ್ದವು.

ನಾನು ಮಲಗಿದ್ದೇನೆ ಎಂದು ಅವರು ತಿಳಿದಿದ್ದರು. ಎದ್ದಿದ್ದರೂ ಆ ಕೆನ್ನೆಗೆ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದರು. ನನಗೆ ಗೊತ್ತಾಗದ ಜಾಗ ಸಿಕ್ಕಿದ ಮೇಲೆಯೇ ಅವರ ಕೈಗೆ ಧೈರ್ಯ ಬಂದದ್ದು. ಬಾಯಿಯಿಂದ ಏನಾದರೂ ಹೇಳುತ್ತಿದ್ದರೋ ಏನೋ, ಒಂದು ಕಿವಿ ದಿಂಬಿನಲ್ಲಿತ್ತು, ಇನ್ನೊಂದು ಇರಲೇ ಇಲ್ಲ. ನನ್ನ ಮುಖ ಆಡುತ್ತಿರಲಿಲ್ಲವಾದ್ದರಿಂದ ಅದು ನನ್ನನ್ನು ಬಿಟ್ಟುಕೊಡಲೂ ಇಲ್ಲ. ಮೊದಲು ಈ ಕೆನ್ನೆ ನಗುತ್ತಿತ್ತು, ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಈಗ ಎಲ್ಲ ತಿಳಿಯುತ್ತಿತ್ತು, ನಗಲು ಬರುತ್ತಿರಲಿಲ್ಲ.

ಸ್ಪರ್ಶ ಮರಳಿದೆ ಎಂದು ನಾನು ಹೇಳಲಿಲ್ಲ. ಹೇಳಿದರೆ ಆ ಕೈ ನಿಲ್ಲುತ್ತದೆ. ನನ್ನ ಗಂಡನ ಸ್ವಭಾವ ನನಗೆ ಗೊತ್ತಿಲ್ಲವೇ? ಹಾಗಾಗಿ ಮಾತು ತಡೆಯಲು ಬಾರದ ನಾನು ದಸರೆಯುದ್ದಕ್ಕೂ ತುಟಿ ಪಿಟ್ಟೆನ್ನಲಿಲ್ಲ. ಮಧ್ಯಾಹ್ನದ ಊಟ ಬೇಗ ಮುಗಿಸಿ, ನಿದ್ದೆ ಬಂತೆಂದು ಸುಳ್ಳು ಹೇಳಿ, ಬಲಕ್ಕೆ ಹೊರಳಿ ಕಾಯುತ್ತಿದ್ದೆ. ಮದುವೆಯಾದ ಹೊಸದರಲ್ಲೂ ನಾನು ಹಾಗೆ ಕಾದಿರಲಿಲ್ಲ.

ದೀಪಾವಳಿಯ ಮೊದಲು ಡಾಕ್ಟರ ಬಳಿ ಹೋಗುವ ದಿನ ಬಂತು. ಅವತ್ತು ಕೋಣೆಯಲ್ಲಿ ನಾವು ಮೂವರೇ. ಡಾಕ್ಟರು ಹತ್ತಿಯ ಎಳೆ ತೆಗೆದುಕೊಂಡರು. ನನ್ನ ಗಂಡ ಪಕ್ಕದ ಕುರ್ಚಿಯಲ್ಲಿ ಮುಂದೆ ಬಗ್ಗಿ ಕೂತಿದ್ದರು. ರೆಪ್ಪೆ ಹೊಲಿಯಬೇಕಾಗುತ್ತದೋ ಎಂಬ ಭಯ ಅವರ ಮುಖದಲ್ಲಿ ಕಾಣುತ್ತಿತ್ತು.

"ಕಣ್ಣು ತಾನಾಗಿ ಮುಚ್ಚೂದಿಲ್ಲ, ಅದಕ್ಕ ನೀವ ಬಾಯಿಂದ ಹೇಳಬೇಕು," ಎಂದರು ಡಾಕ್ಟರು. ಎಳೆ ಕಣ್ಣಿನ ಅಂಚಿಗೆ ತಾಕಿತು. ಚುರ್ರೆಂದಿತು, ನೀರು ಬಂತು. ಆಮೇಲೆ ಕೆನ್ನೆಯ ಮೇಲೆ ಎಳೆದರು. "ಗೊತ್ತಾಗ್ತದೇನ್ರಿ?"

ಇಲ್ಲ ಎಂದರೆ ರೆಪ್ಪೆ ಹೊಲಿಯುತ್ತಾರೆ. ಹೌದು ಎಂದರೆ ನನ್ನ ಮಧ್ಯಾಹ್ನಗಳು ಹೋಗುತ್ತವೆ. ನಿಜವಾಗಿ ಒಂದು ಕ್ಷಣ, ಹೊಲಿದರೆ ಹೊಲಿಯಲಿ ಎಂದೇ ಅನಿಸಿತು. ಆಮೇಲೆ ಪಕ್ಕದ ಕುರ್ಚಿಯ ಆ ಭಯ ನೋಡಿದೆ.

"ಗೊತ್ತಾಗ್ತೈತ್ರಿ."

"ಎರಡೂ ಕಡೆ?"

"ಎರಡೂ ಕಡಿ. ಕೆನ್ನಿಗೂ, ಕಣ್ಣಿಗೂ."

"ಭಾಳ ಚಲೋ ಆತು! ಯಾವಾಗಿಂದ್ರಿ?"

ನಾನು ಕೆನ್ನೆಗಿಳಿದ ನೀರನ್ನು ಸೆರಗಿನಿಂದ ಒರೆಸಿಕೊಂಡೆ. ಡಾಕ್ಟರು ಮತ್ತೆ ಕೇಳಿದರು.

"ದಸರಾಕ್ಕಿಂತ ಮೊದಲಿಂದ್ರಿ," ಎಂದೆ.

"ಅಯ್ಯ, ಮತ್ತ ಹೇಳಬಾರದೇನ್ರಿ? ಮಾಸ್ತರ, ನಿಮಗಾದ್ರೂ ಹೇಳಬೇಕಿಲ್ಲೋ?"

ನನ್ನ ಗಂಡ ಗೋಡೆಯ ಮೇಲಿದ್ದ ಕಿವಿಯ ಚಿತ್ರಪಟವನ್ನು ಪರೀಕ್ಷೆಗೆ ಓದುವವರ ಹಾಗೆ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ರೆಪ್ಪೆ ಹೊಲಿಯುವುದು ಬೇಡ, ಟೇಪು ಮಾತ್ರ ಮುಂದುವರಿಸಿ ಎಂದು ಡಾಕ್ಟರು ಕಳಿಸಿಕೊಟ್ಟರು. ರಿಕ್ಷಾದಲ್ಲಿ ಅನಗೋಳದವರೆಗೂ ಅವರು ರಸ್ತೆಯನ್ನೇ ನೋಡುತ್ತ ಕೂತರು. ನಾನಾದರೂ ಏನೆಂದು ಮಾತಾಡಲಿ?

ಹಬ್ಬದ ರಜೆಗೆ ಮೈದುನನ ಮನೆಯವರು ಮೇಲೆಯೇ ಇದ್ದರು. ಊಟವಾದ ಮೇಲೆ ನಾನು ಮಲಗಿದೆ. ಅವರು ಬಂದು ಮುಲಾಮು ಹಾಕಿದರು, ಟೇಪು ಅಂಟಿಸಿದರು. ಅವತ್ತು ಅದು ಓರೆಯಾಗಿತ್ತು. ಅಂಟಿಸಿ ಹೊರಗೆ ಹೋದರು. ಮುಗಿಯಿತು ಎಂದುಕೊಂಡೆ. ನನಗೆ ಅಳು ಬಂತು, ಡಾಕ್ಟರ ಮೇಲೆ ಸಿಟ್ಟು ಬಂತು, ನಿಜ ಹೇಳಿದ ನನ್ನ ಬಾಯಿಯ ಮೇಲೆ ಅದಕ್ಕಿಂತ ಸಿಟ್ಟು ಬಂತು. ಕೇಳುವ ಕಿವಿಯನ್ನು ದಿಂಬಿನಿಂದ ಎತ್ತಿ ಮಲಗಿದೆ. ಪಡಸಾಲೆಯಲ್ಲಿ ಚಪ್ಪಲಿಯ ಸದ್ದಾಗುತ್ತದೆ, ಹೊರಗೆ ಹೋಗುತ್ತಾರೆ ಎಂದು ಕಾದೆ.

ಬಹಳ ಹೊತ್ತು ಯಾವ ಸದ್ದೂ ಆಗಲಿಲ್ಲ. ಆಮೇಲೆ ಮಂಚದ ಅಂಚು ಸ್ವಲ್ಪ ತಗ್ಗಿತು.

"ಎಚ್ಚರ ಅದಿಯೇನು?" ಎಂದರು.

"ಹ್ಞೂಂರಿ."

ಅವರ ಉಸಿರು ಕೇಳಿಸುತ್ತಿತ್ತು. ನಾನು ಮುಚ್ಚಿದ್ದ ಬಲಗಣ್ಣನ್ನು ತೆರೆದೆ. ಅವರು ನನ್ನ ಮುಖ ನೋಡುತ್ತಿದ್ದರು. ಕಣ್ಣನ್ನಲ್ಲ, ಮುಖವನ್ನು. ಹಾಗೆ ನೋಡುತ್ತಲೇ ಕೈ ಚಾಚಿ ಎಡಗೆನ್ನೆಯ ಮೇಲೆ ಇಟ್ಟರು.

"ಗೊತ್ತಾಗ್ತೈತೇನು?"

"ಗೊತ್ತಾಗ್ತೈತ್ರಿ."

ಮೆಟ್ಟಿಲಿನ ಮೇಲೆ ಯಾರೋ ಇಳಿದು ಬರುವ ಸದ್ದಾಯಿತು. ಅವರು ಕೈ ತೆಗೆಯಲಿಲ್ಲ.